ಪೋರ್ಚುಗಲ್ಲಿನಲ್ಲಿ ಜ್ವರ ಬಂದರೆ

೧. ಕ್ಲೈಮಾ, ಪಾಲಿಸಿಯಾ?

“ಇಲ್ಲಿ ಇನ್ಶೂರೆನ್ಸ್ ಏಜೆಂಟರ ಮನೆ ಎಲ್ಲಿ ಬರುತ್ತೆ?”

ನಿಟ್ಟೂರು ದಾಟಿ, ಟಾರು ರಸ್ತೆ ಮುಗಿದು, ಮಣ್ಣು ರಸ್ತೆಯೂ ಮುಗಿದು, ಫೋನಿನ ನಕ್ಷೆ ನನ್ನನ್ನೂ ಸ್ಕೂಟರನ್ನೂ ಒಂದು ಹಳ್ಳದ ದಂಡೆಗೆ ತಂದು ನಿಲ್ಲಿಸಿ “ನೀವು ತಲುಪಿದ್ದೀರಿ” ಎಂದು ಘೋಷಿಸಿದ ಮೇಲೆ ನಾನು ಕೇಳಿದ್ದು ಇದು. ಇಸ್ತಾನ್‌ಬುಲ್ಲಿನ ಗಲ್ಲಿಗಳಲ್ಲಿ, ಹನೋಯಿಯ ಸಂತೆಯಲ್ಲಿ ತಪ್ಪದ ದಾರಿ ನನಗೆ ತಪ್ಪುವುದು ನಮ್ಮ ಜಿಲ್ಲೆಯಲ್ಲೇ. ಇಂಥವು ನನ್ನ ಪಾಲಿಗೆ ಆಗುತ್ತಲೇ ಇರುತ್ತವೆ. ಆಗದ ವಾರ ಹುಷಾರಿಲ್ಲವೇನೋ ಅನ್ನಿಸುತ್ತದೆ.

ಆ ವಾರ ಮಾತ್ರ ಹುಷಾರಿಲ್ಲ ಅನ್ನಲು ಪುರುಸೊತ್ತಿರಲಿಲ್ಲ. ಪೋರ್ಚುಗಲ್ಲಿನ ಒಂದು ಅಡುಗೆ ಶಾಲೆ ನನ್ನನ್ನು ಒಂದು ವರ್ಷಕ್ಕೆ ಕರೆದಿತ್ತು. ದೋಸೆ, ತಂಬುಳಿ, ಪತ್ರೊಡೆ ಕಲಿಸಬೇಕು, ಅದಕ್ಕೆ ಸಂಬಳ! ಪತ್ರ ಓದಿ ನಾನು ಅಂಗಳದಲ್ಲಿ ಕುಣಿದದ್ದನ್ನು ಪಕ್ಕದ ಮನೆಯವರು ಇನ್ನೂ ಹೇಳುತ್ತಾರೆ. ಷರತ್ತು ಒಂದೇ. ಅಲ್ಲಿ ನಡೆಯುವ, ವರ್ಷ ಪೂರ್ತಿ ಇರುವ, ನನ್ನ ಬಿ.ಪಿ.ಯನ್ನೂ ಒಪ್ಪಿಕೊಳ್ಳುವ ಆರೋಗ್ಯ ವಿಮೆ ಬೇಕು. ಸೋಮವಾರ ಬೆಂಗಳೂರಿನಲ್ಲಿ ವೀಸಾದವರ ಮುಂದೆ ಅದನ್ನಿಡದಿದ್ದರೆ ಕೆಲಸ ಕೊಚ್ಚಿಯ ಇನ್ನೊಬ್ಬ ಅಡುಗೆಯವರ ಪಾಲು.

ಇಂಟರ್ನೆಟ್ಟಿನಲ್ಲಿ ಕೊಳ್ಳಬಹುದಿತ್ತು. ಆದರೆ ನಮ್ಮ ಕಡೆ ನೆಂಟರಲ್ಲೇ ಏಜೆಂಟರಿರುವಾಗ ಹೊರಗೆ ವಿಮೆ ಮಾಡಿಸುವುದೆಂದರೆ ಹೇಳದೆ ಕೇಳದೆ ಮದುವೆಯಾದ ಹಾಗೆ. ಅದಕ್ಕೇ ಈ ದೂರದ ನೆಂಟರನ್ನು ಹುಡುಕಿಕೊಂಡು ಬಂದದ್ದು. ಮುಖ ಮಾತ್ರ ನೋಡಿರಲಿಲ್ಲ.

ಹಳ್ಳದಾಚೆ ಕತ್ತಿ ಮಸೆಯುತ್ತಿದ್ದವರು ತಲೆಯೆತ್ತಿ ನೋಡಿದರು.

“ಯಾವೂರು?”

“ಸಾಗರ.”

“ಕ್ಲೈಮಾ, ಹೊಸ ಪಾಲಿಸಿಯಾ?”

“ಹೊಸದು.”

ಕತ್ತಿ ಕೆಳಗಿಟ್ಟು, ಟವೆಲಿನಲ್ಲಿ ಕೈ ಒರೆಸಿಕೊಂಡು, ಮುಖದ ತುಂಬ ನಕ್ಕರು. “ಬನ್ನಿ ಬನ್ನಿ, ಏಜೆಂಟು ನಾನೇ.”

“ಕ್ಲೈಮ್ ಅಂದಿದ್ರೆ?”

“ಹುಲಿಕಲ್ ಘಾಟಿ ಕಡೆ ದಾರಿ ತೋರಿಸಿ ಕಳಿಸ್ತಿದ್ದೆ.”

೨. ಎಡಗಡೆಯಿಂದ ಒಂದು ಫೋಟೊ

ಕಾಫಿ ಕೊಟ್ಟರು. ನಾನು ಉತ್ಸಾಹದಲ್ಲಿ ಪೋರ್ಚುಗಲ್, ಸೋಮವಾರ, ಬಿ.ಪಿ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ಬಿ.ಪಿ. ವಿಷ್ಯ ಯಾರಿಗೆ ಹೇಳಿದ್ರಿ?”

“ನಿಮಗೇ, ಈಗ.”

“ನಂಗೆ ಕೇಳ್ಸಿಲ್ಲ.”

“ಇಲ್ಲ, ಅದನ್ನ ಬರೀಬೇಕು. ಮುಚ್ಚಿಟ್ಟರೆ ನಾಳೆ ಅವರು ದುಡ್ಡು ಕೊಡಲ್ಲ.”

“ಎಲ್ಲಾ ಓದ್ಕೊಂಡು ಬಂದಿದೀರಿ,” ಎಂದು ನಿಟ್ಟುಸಿರುಬಿಟ್ಟು ಫೋನ್ ಕೈಗೆತ್ತಿಕೊಂಡರು. “ಹಂಗೇ ನಿಂತ್ಕೊಳ್ಳಿ. ಎಡಗಡೆಯಿಂದ ಒಂದು ಫೋಟೊ. ಈಗ ಬಲಗಡೆ. ಮೈ ಮೇಲೆ ಮಚ್ಚೆ, ಸುಳಿ ಏನಾದ್ರೂ?”

ಪಾಸ್‌ಪೋರ್ಟಿಗೆ ಇಷ್ಟು ಕೇಳಿರಲಿಲ್ಲ. ಆದರೂ ಯುರೋಪಿನ ವಿಷಯ, ಇರಬಹುದು ಎಂದು ಎಡಕ್ಕೂ ಬಲಕ್ಕೂ ತಿರುಗಿದೆ.

“ಹಲ್ಲು ಎಷ್ಟು?”

“ಹಲ್ಲು ಯಾಕ್ರೀ?”

ಅವರು ತುಂಬುತ್ತಿದ್ದ ಅರ್ಜಿಯ ತಲೆಬರಹ ನೋಡಿ ನಾಲಗೆ ಕಚ್ಚಿಕೊಂಡರು. “ಅಭ್ಯಾಸ ಮೇಡಂ, ಬೇಜಾರ್ ಮಾಡ್ಕೋಬೇಡಿ. ಈ ಸಲ ಬರೀ ದನದ ವಿಮೆನೇ ಮಾಡ್ಸಿದ್ದು. ಕಿವಿಗೆ ಬಿಲ್ಲೆ ಹೊಡಿಯೋದ್ರೊಳಗೆ ನೆನಪಾಯ್ತಲ್ಲ, ಬಿಡಿ.”

ಮನುಷ್ಯರ ಪಾಲಿಸಿ ತೆಗೆದರು. “ಪೋರ್ಚುಗಲ್ಲಿನಲ್ಲಿ ಜ್ವರ ಬಂದರೆ ಯಾವ ಆಸ್ಪತ್ರೆ?” ಎಂದೆ. ಬೆರಳಿಟ್ಟು ಪುಟವಿಡೀ ಹುಡುಕಿ, “ಶಿವಮೊಗ್ಗ,” ಅಂದರು.

“ನಾನು ಪೋರ್ಚುಗಲ್ಲಿನಲ್ಲಿರ್ತೀನಲ್ರೀ!”

“ಅದಕ್ಕೇನೀಗ? ಮೈ ಬೆಚ್ಚಗಾಗ್ತಿದ್ದಂಗೆ ಹೊರಟುಬಿಡಿ. ದಾರೀಲಿ ಊಟಕ್ಕೆ ನಮ್ಮನೆಗೇ ಬನ್ನಿ.”

೩. ಇದ್ದು, ಎಲ್ಲ ಇದ್ದು

ನೆಂಟಸ್ತಿಕೆ ಉಳಿಸಿಕೊಂಡು, ಪಾಲಿಸಿ ಬಿಟ್ಟು, ಸಾಗರಕ್ಕೆ ಚಿಕ್ಕಿಯ ಮನೆಗೆ ಬಂದೆ. ಚಿಕ್ಕಿ ಅಂದರೆ ನನ್ನ ಅಮ್ಮನ ತಂಗಿ. ಶರಾವತಿ ಹಿನ್ನೀರಿನಾಚೆ ತುಮರಿಯಲ್ಲಿ ಬೆಳೆದವಳು, ‘ಇದೆ’ ಅನ್ನುವುದಕ್ಕೆ ‘ಇದ್ದು’ ಅನ್ನುವವಳು. ಲಾಂಚಿನಲ್ಲಿ ಹೊಳೆ ದಾಟುವುದನ್ನೇ ಒಂದು ವಿದೇಶ ಪ್ರವಾಸದಂತೆ ಹೇಳುತ್ತಾಳೆ.

ಇನ್ನು ಮುಲಾಜಿಲ್ಲ ಎಂದು ಇಂಟರ್ನೆಟ್ಟಿನಲ್ಲೇ ಒಂದು ಕಂಪನಿ ಹಿಡಿದೆ. ಒಳ್ಳೆಯ ಪಾಲಿಸಿ. ಚಿಕ್ಕಿಗೆ ಓದಿ ಹೇಳಿದೆ: ಆಸ್ಪತ್ರೆ ಖರ್ಚು, ಆಂಬುಲೆನ್ಸ್, ಅಲ್ಲೇ ತೀರಿಕೊಂಡರೆ ದೇಹವನ್ನು ಊರಿಗೆ ತಲುಪಿಸುವುದು.

ಚಿಕ್ಕಿ ಸೌಟು ಹಿಡಿದೇ ಹೊರಗೆ ಬಂದಳು. “ಸತ್ರೆ ಅವೇ ತಂದು ಬಿಡ್ತಡ. ಬದ್ಕಿದ್ರೆ ಟಿಕೆಟ್ ನೀನೇ ತಗಳವಡ. ಇದೆಂತ ಲೆಕ್ಕನೇ!”

ಅಷ್ಟರಲ್ಲಿ ಕಂಪನಿಯ ಡಾಕ್ಟರ ಫೋನ್ ಬಂತು. ಎಳೆ ದನಿಯ ಹುಡುಗಿ, ಆರೋಗ್ಯ ವಿಚಾರಿಸಿ ದಾಖಲು ಮಾಡಿಕೊಳ್ಳಬೇಕಂತೆ. ಇದೊಂದು ದಾಟಿದರೆ ಪೋರ್ಚುಗಲ್! ನಮ್ಮ ಮನೆಗಳಲ್ಲಿ ಫೋನ್ ಒಬ್ಬರಿಗೆ ಬರುವುದಿಲ್ಲ, ಮನೆಗೆ ಬರುತ್ತದೆ. ರೂಢಿಯಂತೆ ಸ್ಪೀಕರ್ ಒತ್ತಿಬಿಟ್ಟೆ.

“ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೃದಯದ ತೊಂದರೆ?”

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಿ, “ಇದ್ದು ಇದ್ದು. ನಮ್ಮನೆಯವ್ಕೆ ಎರಡು ಸ್ಟೆಂಟ್ ಹಾಕಿದ್ದ.”

“ಚಿಕ್ಕಪ್ಪ ನನ್ನ ರಕ್ತಸಂಬಂಧಿ ಅಲ್ಲ ಡಾಕ್ಟ್ರೆ...”

“ಸಕ್ಕರೆ ಕಾಯಿಲೆ?”

“ಎನಗೇ ಇದ್ದು!” ಚಿಕ್ಕಿಯ ದನಿಯಲ್ಲಿ ಬಹುಮಾನ ಬಂದವರ ಗತ್ತು. ಕೇಳಿದವರಿಗೆ ಇಲ್ಲ ಅನ್ನುವುದು ಅವಳ ಮನೆಯ ಪದ್ಧತಿಯಲ್ಲ. ಮಜ್ಜಿಗೆ ಕೇಳಿದವರಿಗೂ ಇಲ್ಲ ಅಂದವಳಲ್ಲ, ಇನ್ನು ಕಾಯಿಲೆಗೆ ಅಂದಾಳೆಯೇ?

“ಕಾಡುಪ್ರಾಣಿಗಳ ಸಂಪರ್ಕ ಏನಾದರೂ?”

“ಮಂಗ ದಿನಾ ಬತ್ತು. ಇವತ್ತು ಇನ್ನೂ ಬಂಜಿಲ್ಲೆ.”

ಆ ಕಡೆ ಟೈಪ್ ಮಾಡುವ ಸದ್ದು ಮಳೆ ಹಿಡಿದ ಹಾಗೆ ಬೀಳುತ್ತಿತ್ತು. ಮರುದಿನ ಬೆಳಗ್ಗೆ ಉತ್ತರ ಬಂತು: ವಿಮೆ ಕೊಡಲು ಆಗುವುದಿಲ್ಲ, ಕ್ಷಮಿಸಿ.

ಸೋಮವಾರ ಕಣ್ಣೆದುರು ಬಂದು ನಿಂತಿತು. ಚಿಕ್ಕಿ ನನಗಿಂತ ಹೆಚ್ಚು ನೊಂದುಕೊಂಡಳು. “ಇಷ್ಟೆಲ್ಲ ಇದ್ದು ಹೇಳಿದ್ರೂ ಸಾಲ್ತಿಲ್ಯಡಾ?”

೪. ಬಿದ್ರೆ ಎತ್ತೋರು ಯಾರು?

ಶನಿವಾರ ಸಿಕ್ಕ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ, ಗೌಡರ ಮನೆಯ ಒಬ್ಬ ಹೆಂಗಸು ವಿದೇಶಕ್ಕೆ ಹೋಗುವವರ ಕಾಗದಪತ್ರ ಮಾಡಿಸಿಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ನನ್ನ ಕಥೆ ಕೇಳಿ ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕ ಏರಿಸಿ, ಬೇರೊಂದು ಕಂಪನಿಯ ಪಾಲಿಸಿ ತೆಗೆದು, ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಓದಿದರು. ಬಿ.ಪಿ.ಗೆ ಸ್ವಲ್ಪ ಜಾಸ್ತಿ ಕಟ್ಟಬೇಕು, ಆದರೆ ಒಪ್ಪುತ್ತಾರೆ. ವರ್ಷ ಪೂರ್ತಿ ಇರುತ್ತದೆ. ಆಸ್ಪತ್ರೆಗಳು ಪೋರ್ಚುಗಲ್ಲಿನಲ್ಲೇ ಇವೆ. ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ.

“ತಡೀರಿ, ಇಲ್ಲೊಂದು ಖಾಲಿ ಇದೆ. ತುರ್ತಿಗೆ ಫೋನ್ ಮಾಡಕ್ಕೆ ಆ ದೇಶದಲ್ಲೇ ಒಬ್ರು ಇರ್ಬೇಕು. ಅಲ್ಲಿ ನಿಮ್ಮೋರು ಯಾರಿದಾರೆ?”

“ಯಾರೂ ಇಲ್ಲ ಅಕ್ಕಾವ್ರೆ. ಅದಕ್ಕೇ ಹೋಗ್ತಿರೋದು.”

“ಮಾತು ಚೆನ್ನಾಗಿದೆ. ಬಿದ್ರೆ ಎತ್ತೋರು ಯಾರು?”

“ಯಾವುದಾದ್ರೂ ಹೆಸರು ಹಾಕಿದ್ರಾಗಲ್ವಾ?”

“ಅಯ್ಯೋ! ತೀರ್ಥಹಳ್ಳಿಯಿಂದ ಹೋಗೋ ಅರ್ಜೀಲಿ ಸುಳ್ಳು ಹೆಸರಾ?” ಎಂದು ಮೈದುನನಿಗೆ ಫೋನ್ ಮಾಡಿದರು. “ಏ, ನಿನ್ನ ಹೆಂಡ್ತಿಗೆ ಕೊಡು. ಹಾಂ, ನಾನೇ ಕಣೇ, ನಿನ್ನ ತಂಗಿ ಗೆಳತಿ ಒಬ್ಳು ಅಲ್ಲೆಲ್ಲೋ ಹೋದ್ಲಲ್ಲ, ಹೊಸನಗರದೋಳು, ಅದ್ಯಾವ ದೇಶನೇ? ಸ್ಪೇನಾ? ಪಕ್ಕದ್ದಾ? ಹಾಂ, ಅದೇ ಬೇಕಾಗಿತ್ತು!”

ನಾನು ಚಹಾ ಕುಡಿದು ಮುಗಿಸುವುದರೊಳಗೆ, ಅಲ್ಲಿ ಬೇಕರಿ ನಡೆಸುವ ಹೊಸನಗರದ ಹೆಂಗಸು ವಿಡಿಯೋದಲ್ಲಿ ಕೈ ಬೀಸುತ್ತಿದ್ದಳು, ಮೊಣಕೈವರೆಗೂ ಹಿಟ್ಟು. ನಾನು ಹೋಗುವ ಊರಿನಲ್ಲೇ ಇದ್ದಾಳೆ! ಕೂಗಿಬಿಟ್ಟೆ.

“ನನ್ನ ಹೆಸ್ರು ಬರ್ಕೊಳ್ಳಿ ಅಕ್ಕ,” ಅಂದಳು. “ಆದ್ರೆ ಒಂದ್ ಮಾತು. ನನ್ನ ಪಾಲಿಸೀಲೂ ಆ ಜಾಗ ಖಾಲಿ ಬಿದ್ದಿದೆ. ನಿಮ್ಮ ಹೆಸ್ರು ಹಾಕ್ಕೊತೀನಿ. ನಂಗೇನಾದ್ರೂ ಆದ್ರೆ ನೀವು ಬರ್ಬೇಕು.”

“ಬಂದೇ ಬರ್ತೀನಿ,” ಅಂದೆ.

ಅಕ್ಕಾವ್ರು ಪಾಲಿಸಿ ನನ್ನ ಕೈಗಿಟ್ಟು, “ನೋಡಿದ್ರಾ, ಪೋರ್ಚುಗಲ್ ಅಂತ ದೊಡ್ಡದಾಗಿ ಹೇಳ್ತಿದ್ರಿ. ನಮ್ಮ ಮೈದುನನ ಹೆಂಡ್ತಿ ಕಡೇರು!” ಅಂದರು.

೫. ಸಾಹಸ ಕ್ರೀಡೆ

ವೀಸಾ ಸಿಕ್ಕಿತು, ಹಾರಿದೆ. ಅಷ್ಟು ಕಷ್ಟಪಟ್ಟು ಮಾಡಿಸಿದ ವಿಮೆ, ನನಗೆ ಅಲ್ಲಿ ಒಂದು ಸೀನೂ ಬರಲಿಲ್ಲ. ಒಂದು ಬೆಳಗ್ಗೆ ನಾನು ತಂಬುಳಿ ಕಲಿಸುತ್ತಿರುವಾಗ ಆಸ್ಪತ್ರೆಯಿಂದ ಫೋನ್. ಹೊಸನಗರದವಳು ಮರದಿಂದ ಬಿದ್ದಿದ್ದಾಳೆ.

ಒಗ್ಗರಣೆ ಸೌಟನ್ನು ಶಿಷ್ಯರ ಕೈಗೆ ಕೊಟ್ಟು ಓಡಿದೆ. ಬಲಗೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು.

“ಆಲಿವ್ ಮರ ಅಕ್ಕ. ಪಾರ್ಕಿನದು, ಯಾರು ಬೇಕಾದ್ರೂ ಕೊಯ್ಕೋಬಹುದಂತೆ. ಎಳೇ ಹಸಿರು ಕಾಯಿ, ಥೇಟ್ ಮಾವಿನ ಮಿಡಿ ಥರ. ಉಪ್ಪಿಗೆ ಹಾಕಿದ್ರೆ ಹೆಂಗಿರುತ್ತೆ ಅನ್ನಿಸ್ತು, ಹತ್ತಿದೆ.”

ಅವಳ ವಿಮೆಯವನು ಫೋನಿನಲ್ಲಿ ಕಾಯುತ್ತಿದ್ದ. ಅವಳ ಕಡೆಯವಳೆಂದು ನಾನೇ ಮಾತಾಡಬೇಕಾಯಿತು. ಅವನು ಹೂಂ ಅಂದರೆ ಆಸ್ಪತ್ರೆ ಬಿಲ್ ಕಂಪನಿಗೆ, ಇಲ್ಲದಿದ್ದರೆ ಬೇಕರಿಗೆ.

“ಸಾಹಸ ಕ್ರೀಡೆಗಳಿಗೆ ನಮ್ಮ ಪಾಲಿಸಿ ಇಲ್ಲ ಮೇಡಂ. ಇದು ಸಾಹಸ ಕ್ರೀಡೆಯೇ?”

“ಅಲ್ಲ.”

“ಮರ ಹತ್ತುವುದು ಅವರ ವೃತ್ತಿಯೇ?”

“ಅಲ್ಲ.”

“ಮತ್ತೆ ಯಾಕೆ ಹತ್ತಿದರು?”

“ಉಪ್ಪಿನಕಾಯಿಗೆ.”

ಅವನು ಕಾಲಂಗಳನ್ನು ಮೇಲಿನಿಂದ ಕೆಳಗೆ ಗೊಣಗಿಕೊಂಡು ಓದಿದ. “ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.”

“ಮನೆಗೆಲಸ ಅಂತ ಬರ್ಕೊಳ್ಳಿ. ನಮ್ಮ ಕಡೆ ಅದು ಮನೆಗೆಲಸವೇ.”

ಬರೆದುಕೊಂಡ. ಒಪ್ಪಿದ! ನಾನು ಗೆದ್ದ ಠೀವಿಯಲ್ಲಿ ಫೋನ್ ಇಟ್ಟು, “ಬರ್ತೀನಿ ಅಂದಿದ್ದೆ, ಬಂದೆ. ನಿನ್ನ ಋಣ ತೀರ್ತಲ್ಲ?” ಅಂದೆ.

“ಎಲ್ಲಿ ತೀರ್ತಕ್ಕ? ಕಾಯಿ ಚೀಲ ಮರದ ಬುಡದಲ್ಲೇ ಇದೆ. ಇವತ್ತೇ ಉಪ್ಪಿಗೆ ಹಾಕ್ದಿದ್ರೆ ಬಾಡಿ ಹೋಗುತ್ತೆ.”

“ಇಷ್ಟೇ ತಾನೆ?”

“ಇಷ್ಟೇ ಅಲ್ಲ. ನಾನು ಬಿದ್ದಾಗ ಚೀಲ ಅರ್ಧ ಆಗಿತ್ತು.”

ಮರದ ಕೆಳಗೆ ನಿಂತು ಮೇಲೆ ನೋಡಿದೆ. ನಾನು ಬಿದ್ದರೆ ಫೋನ್ ಹೋಗಬೇಕಾದವಳ ಕೈ ಪಟ್ಟಿಯಲ್ಲಿದೆ ಎಂಬುದು ಹತ್ತಿದ ಮೇಲೆ ನೆನಪಾಯಿತು. ಚೀಲ ತುಂಬಿಸಿ, ಕೊಂಬೆ ಕೊಂಬೆಯನ್ನೂ ಮಾತಾಡಿಸುತ್ತ ಇಳಿದು, ಅವಳ ಅಡುಗೆಮನೆಯಲ್ಲಿ ತೊಳೆದು, ಒರೆಸಿ, ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬಿ, ಅಷ್ಟರಲ್ಲಿ ಮನೆಗೆ ಬಂದಿದ್ದ ಅವಳೆದುರು ಇಟ್ಟೆ.

“ಈಗ?”

ಅವಳು ಎಡಗೈಯಲ್ಲಿ ಒಂದು ಕಾಯಿ ತೆಗೆದು, ಕಣ್ಣು ಮುಚ್ಚಿ, ಊರಿನ ಊಟದೆಲೆಯನ್ನೇ ನೆನೆಸಿಕೊಂಡವಳಂತೆ ಕಚ್ಚಿದಳು. ಹಸಿ ಆಲಿವ್ ಕಾಯಿ ಏನು ಕಹಿ ಎಂದು ನಮಗಿಬ್ಬರಿಗೂ ಯಾರೂ ಹೇಳಿರಲಿಲ್ಲ. ಅವಳ ಮುಖ ಕಿವುಚಿಕೊಂಡು, ಕಣ್ಣಲ್ಲಿ ನೀರು ಬಂದು, ಪಟ್ಟಿ ಹಾಕಿದ ಕೈಯೇ ಜಾಡಿಯನ್ನು ನನ್ನ ಕಡೆ ತಳ್ಳಿತು.

“ತೀರ್ತಕ್ಕ, ತೀರ್ತು! ಪೂರ್ತಿ ತೀರ್ತು. ಜಾಡಿ ನೀವೇ ತಗೊಂಡ್ಹೋಗಿ.”