ದೊಡ್ಡವ್ವ ಕಾಲೇಜು ತುಂಬಿಸಿದ್ದು

ಎಪ್ಪತ್ತರ ದಶಕದಲ್ಲಿ ಯೂನಿವರ್ಸಿಟಿಗೆ ವಿದ್ಯಾರ್ಥಿಗಳು ಒಮ್ಮೆಲೇ ಹೇಗೆ ಹೆಚ್ಚಿದರು ಎಂದು ತಿಳಿದವರು ಆಗಾಗ ಚರ್ಚೆ ಮಾಡುತ್ತಾರೆ. ಒಬ್ಬರು ಸರಕಾರದ ಧೋರಣೆ ಅನ್ನುತ್ತಾರೆ, ಇನ್ನೊಬ್ಬರು ಜನಜಾಗೃತಿ ಅನ್ನುತ್ತಾರೆ. ಒಬ್ಬರಾದರೂ ನಮ್ಮ ದೊಡ್ಡವ್ವನ ಹೆಸರು ಹೇಳಬೇಡವೆ? ಬೇರೆ ಊರಿನದು ನನಗೆ ಗೊತ್ತಿಲ್ಲ. ನಮ್ಮ ಬಸವನ ಬಾಗೇವಾಡಿಯ ಮಟ್ಟಿಗಂತೂ ಯೂನಿವರ್ಸಿಟಿಯನ್ನು ಬೆಳೆಸಿದವಳು ಆಕೆಯೇ! ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಳು. ಓದು ಬರಹ ಬಾರದು. ಆದರೆ ಲೋಕದಲ್ಲಿ ಆಕೆಗೆ ಅರ್ಥವಾಗದ್ದು ಏನೂ ಇರಲಿಲ್ಲ, ಯಾಕೆಂದರೆ ಲೋಕದಲ್ಲಿ ನಡೆಯುವುದೆಲ್ಲ ಆಕೆಯ ಪಾಲಿಗೆ ಒಂದಲ್ಲ ಒಂದು ಮದುವೆ! ಮತ ಕೇಳಲು ಬಂದವರಿಗೆ, "ಹುಡುಗಗ ವಯಸ್ಸೆಷ್ಟರಿ? ಕುಡಿಯೂದು ಗಿಡಿಯೂದು ಏನರ ಐತೇನ್ರಿ?" ಎಂದು ಕೇಳಿದವಳು ಆಕೆ. ಆ ಉಮೇದುವಾರ ಮೂರು ಮಕ್ಕಳ ತಂದೆ. ಪಾಪ, ಕುಡಿಯುವುದಿಲ್ಲ ಎಂದು ಪ್ರಮಾಣ ಮಾಡಿ ಹೋದ.

ನಾನು ಪಿ.ಯು.ಸಿ. ಪಾಸಾದ ವರ್ಷ ಊರಿನಲ್ಲಿ ಡಿಗ್ರಿ ಕಾಲೇಜು ಮಾಡಬೇಕೆಂದು ಹಿರಿಯರು ಹೊರಟರು. ಅರಳೆ ತುಂಬುತ್ತಿದ್ದ ಹಳೆಯ ಗೋದಾಮೊಂದಕ್ಕೆ ಸುಣ್ಣ ಬಳಿದು ಬೋರ್ಡು ತೂಗುಹಾಕಿದರು. ಯೂನಿವರ್ಸಿಟಿಯವರು ಒಂದು ಷರತ್ತು ಹಾಕಿದರು: ಶನಿವಾರ ಮಧ್ಯಾಹ್ನದೊಳಗೆ ನಲವತ್ತು ಹೆಸರು ಬರಬೇಕು, ಇಲ್ಲದಿದ್ದರೆ ಬಿ.ಎ. ತರಗತಿ ಇಲ್ಲ. ಎಂಟು ದಿನ ಉಳಿದಿದ್ದಾಗ ಬಂದದ್ದು ಹತ್ತೊಂಬತ್ತು, ಹತ್ತೊಂಬತ್ತೂ ಗಂಡು ಹುಡುಗರು.

ಆ ಲೆಕ್ಕ ಕೇಳಿ ನಾನು ಯಾಕೆ ಹೆದರಿದೆನೆಂದರೆ, ಅಪ್ಪ ನನ್ನನ್ನು ವಿಜಾಪುರದ ಕಾಲೇಜಿಗೆ ಕಳಿಸುವವನಲ್ಲ. ಹೊರ್ತಿಯಲ್ಲಿ ನಿಂಬೆ ತೋಟದ ಮನೆತನದ ಹುಡುಗನೊಬ್ಬ ತಯಾರಾಗಿ ಕೂತಿದ್ದ. ಅವರು ಭಾನುವಾರ ಮಾತಿಗೆ ಬರುವವರಿದ್ದರು. ಹುಡುಗ ಒಳ್ಳೆಯವನೇ ಇದ್ದಾನು, ನಾನು ಅವನ ಮೇಲೆ ಚಾಡಿ ಹೇಳುವುದಿಲ್ಲ. ಆದರೆ ನನಗೆ ಓದಬೇಕಾಗಿತ್ತು. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ. ದೊಡ್ಡವ್ವನಿಗೆ ಹೇಳದೆಯೂ ತಿಳಿದಿತ್ತು.

ಒಂದು ದಿನ ಹೊಸ ಕಾಲೇಜಿನ ಪ್ರಿನ್ಸಿಪಾಲರು ಸೋಪು ಕೊಳ್ಳಲು ಅಪ್ಪನ ಕಿರಾಣಿ ಅಂಗಡಿಗೆ ಬಂದು ಗೋಳು ತೋಡಿಕೊಂಡರು. ಮೈಸೂರು ಕಡೆಯ ಸಾಧು ಮನುಷ್ಯ. ಅಂಗಡಿಯ ಹಿಂದಿನ ಬಾಗಿಲಿನಿಂದ ದೊಡ್ಡವ್ವನ ಧ್ವನಿ ಬಂತು.

"ಮಾಸ್ತರ, ಊರ ಮಂದೀನ್ನ ಹೆಂಗ ಕರದೀರಿ ನೀವು?"

"ನೋಟೀಸು ಹಚ್ಚಿದ್ದೀವಮ್ಮಾ. ಬಸ್ ಸ್ಟ್ಯಾಂಡಿಗೆ, ಪೋಸ್ಟಾಫೀಸಿಗೆ, ಎಲ್ಲಾ ಕಡೆ."

"ಗ್ವಾಡಿಗೆ ಹಚ್ಚಿ ಕರದ್ರ ಗ್ವಾಡಿ ಬರ್ತೈತಿ! ಮಂದಿ ಬರಬೇಕಂದ್ರ ಮನಿ ಮನಿಗೆ ಹೋಗಿ ಕುಂಕುಮ ಹಚ್ಚಿ ಕರೀಬೇಕ್ರೀ!"

ಪ್ರಿನ್ಸಿಪಾಲರು ಸೋಪು ಮರೆತು ಹೋದರು. ದೊಡ್ಡವ್ವ ಮಾತ್ರ ಆಗಲೇ ಸೆರಗು ಬಿಗಿದಿದ್ದಳು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತಿರಬೇಕು. ಕುಂಕುಮ ಹಚ್ಚಿ ಕರೆದ ಕಾರ್ಯಕ್ಕೆ ಮನೆಗೊಬ್ಬರಾದರೂ ಹೋಗಲೇಬೇಕು. ಹೋಗದಿದ್ದರೆ ನಾಳೆ ಇವರ ಮನೆಯ ಕಾರ್ಯಕ್ಕೆ ಯಾರು ಬರುತ್ತಾರೆ? ಆದರೆ ದೊಡ್ಡವ್ವ ಗಂಡ ಸತ್ತವಳು, ಕುಂಕುಮ ಹಚ್ಚುವ ಹಾಗಿಲ್ಲ. ಅದಕ್ಕೆ ಆಕೆ ಒಂದು ಕ್ಷಣವೂ ತಲೆಕೆಡಿಸಿಕೊಳ್ಳಲಿಲ್ಲ. "ನೀ ಕೈ, ನಾ ಬಾಯಿ. ನಡಿ!" ಎಂದು ಕುಂಕುಮದ ಭರಣಿಯನ್ನು ನನ್ನ ಕೈಗೆ ಕೊಟ್ಟು ಹೊರಟೇಬಿಟ್ಟಳು.

ಮೊದಲ ಮನೆಯ ಅತ್ತೆ ಹಣೆ ಮುಂದೆ ಮಾಡಿ ಕೇಳಿದಳು, "ಮದುವಿ ಯಾರದವ್ವಾ?"

"ಕಾಲೇಜಿಂದು."

"ಹಂಗಂದ್ರ? ಗಂಡು ಯಾರು?"

"ಯೂನಿವರ್ಸಿಟಿ!"

"ಎಲ್ಲೀ ಮಂದಿ ಅವರು?"

"ಭಾಳ ದೊಡ್ಡ ಮನೆತನ, ಸರಕಾರದ ಪೈಕಿ. ಬೇಸ್ತವಾರ ಹತ್ತಕ್ಕ ಮುಹೂರ್ತ ಐತಿ, ಪಿ.ಯು.ಸಿ. ಕಲತವರು ನಿಮ್ಮ ಮನ್ಯಾಗ ಯಾರದಾರ, ಕರಕೊಂಡು ಬಾ."

"ನಮ್ಮ ಮನ್ಯಾಗ ಯಾರೂ ಇಲ್ಲಬಿಡು."

ಆಗ ಒಳಗಿನಿಂದ ಸಣ್ಣ ಧ್ವನಿಯಲ್ಲಿ ಸೊಸೆ, "ನಂದಾಗೇತ್ರಿ... ಸಿಂದಗ್ಯಾಗ" ಎಂದಳು. ಅತ್ತೆ ಬಾಯಿಗೆ ಕೈ ಇಟ್ಟುಕೊಂಡಳು. ಮೂರು ವರ್ಷದಿಂದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಪಿ.ಯು.ಸಿ. ಪಾಸಾದವಳೆಂಬುದು ಆಕೆಗೇ ಗೊತ್ತಿರಲಿಲ್ಲ! ಸೊಸೆ ಓಡಿ ಹೋಗಿ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟಿದ್ದ ಸರ್ಟಿಫಿಕೇಟು ತಂದು ತೋರಿಸಿದಳು.

ಅಲ್ಲಿಂದ ಮುಂದೆ ದೊಡ್ಡವ್ವ ಯಾರನ್ನೂ "ಕಲತೀರೇನು?" ಎಂದು ಕೇಳಲಿಲ್ಲ. ನೇರವಾಗಿ, "ಸೊಸಿ ಟ್ರಂಕ್ ತಗಸ್ರಿ" ಅನ್ನುತ್ತಿದ್ದಳು. ಅಬ್ಬಾ, ನಮ್ಮೂರಿನ ಟ್ರಂಕುಗಳಲ್ಲಿ ಎಷ್ಟು ವಿದ್ಯೆ ನುಸಿಗುಳಿಗೆಯ ಜೊತೆ ಮಲಗಿತ್ತು! ಇಂಡಿಯಲ್ಲಿ ಕಲಿತವಳು, ಮುದ್ದೇಬಿಹಾಳದಲ್ಲಿ ಕಲಿತವಳು, ಇಂಗ್ಲೀಷಿನಲ್ಲಿ ಫಸ್ಟ್ ಕ್ಲಾಸು ತೆಗೆದು ಈಗ ಹಪ್ಪಳ ಒಣಗಿಸುವವಳು. ಬಳೆಗಾರ ಇಮಾಮಸಾಹೇಬರ ಮನೆಯಲ್ಲಿ ಕುಂಕುಮದ ಬದಲು ಸಕ್ಕರೆ ಹಂಚಿ ಕರೆದೆವು. ಅವರ ಹೆಂಡತಿ, "ಹುಡುಗಿ ಒಬ್ಬಾಕಿ ಹೆಂಗ ಹೋಗ್ಬೇಕು ಅಕ್ಕಾ?" ಎಂದರೆ, "ಒಬ್ಬಾಕಿ ಯಾಕ? ಅರ್ಧಾ ಊರs ಹೊಂಟೈತಿ!" ಎಂದಳು. ಆಗಿನ್ನೂ ಹೊರಟವರು ಮೂರೇ ಜನ.

ಆಲಮಟ್ಟಿಗೂ ಬಸ್ಸು ಹತ್ತಿಸಿಕೊಂಡು ಹೋದಳು. ಅಣೆಕಟ್ಟಿನ ಕೆಲಸದವರ ಕಾಲೊನಿಯಲ್ಲಿ ಒಬ್ಬ ಹೆಂಗಸು, "ನಮಗೆ ಯಾವಾಗ ವರ್ಗ ಆಗ್ತದೋ ಏನೋ, ಮಗಳನ್ನ ಇಲ್ಲಿ ಹೇಗೆ ಸೇರಿಸೋದು?" ಎಂದು ರಾಗ ಎಳೆದಳು. ದೊಡ್ಡವ್ವ ದೂರದ ಕಲ್ಲಿನ ರಾಶಿಯನ್ನು ಒಮ್ಮೆ ನೋಡಿ, "ಯವ್ವಾ, ಇದು ಮುಗಿಯೂದರಾಗ ನಿನ್ನ ಮಮ್ಮಗಳೂ ಬಿ.ಎ. ಆಗ್ತಾಳ. ಹೆಸರು ಹಚ್ಚು!" ಎಂದಳು.

ಗುರುವಾರ ಹತ್ತಕ್ಕೆ ಗೋದಾಮಿನ ಮುಂದೆ ಜನವೋ ಜನ! ಕಾರ್ಯ ಎಂದ ಮೇಲೆ ಬರಿಗೈಯಲ್ಲಿ ಬರುತ್ತಾರೆಯೆ? ಅತ್ತೆಯರು ಆಯೇರಿಯ, ಅಂದರೆ ಉಡುಗೊರೆಯ, ಬಟ್ಟೆ ಹಿಡಿದುಕೊಂಡೇ ಬಂದಿದ್ದರು. ಒಬ್ಬಳು ಪ್ರಿನ್ಸಿಪಾಲರಿಗೆ ಟವೆಲ್ ಹೊದಿಸಿದಳು, ಇನ್ನೊಬ್ಬಳು ತೆಂಗಿನಕಾಯಿ ಕೊಟ್ಟಳು, ಮತ್ತೊಬ್ಬಳು ಅವರ ಹೆಂಡತಿಗೆಂದು ಕುಪ್ಪಸದ ಖಣ ಕೊಟ್ಟಳು.

"ಏನಮ್ಮಾ ಇದೆಲ್ಲಾ?" ಎಂದರು ಅವರು, ಏಳನೆಯ ಟವೆಲಿನ ಅಡಿಯಿಂದ.

"ಸುಮ್ನ ಹೊದ್ಕೋರಿ ಮಾಸ್ತರ. ಬ್ಯಾಡಂದ್ರ ಹುಡುಗ್ಯಾರನ್ನ ವಾಪಸ್ ಕರಕೊಂಡು ಹೋಗ್ತಾರ!"

ಅವರು ಹೊದ್ದುಕೊಂಡರು. ನನ್ನ ಅಕ್ಷರ ದುಂಡಗಿದೆಯೆಂದು ಅರ್ಜಿ ತುಂಬಲು ನನ್ನನ್ನೇ ಕೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ನಲವತ್ತು ದಾಟಿತು. ಅಚ್ಚಾದ ಅರ್ಜಿಗಳು ಮುಗಿದುಹೋಗಿ ಕ್ಲಾರ್ಕು ಗೆರೆಹಾಳೆಯ ಮೇಲೆ ಕೈಯಿಂದ ನಕಲು ಮಾಡತೊಡಗಿದ. ಪಿ.ಯು.ಸಿ. ನಪಾಸಾದ ಒಬ್ಬನೂ ಸಾಲಿನಲ್ಲಿ ನಿಂತಿದ್ದ. ಪ್ರಿನ್ಸಿಪಾಲರು ಆಗುವುದಿಲ್ಲ ಎಂದರೆ ದೊಡ್ಡವ್ವ, "ಮೊದಲ ಒಳಗ ಕೂಡಸ್ರಿ, ಪಾಸು ಆಮ್ಯಾಲೆ ಮಾಡೂಣಂತ!" ಎಂದು ಜಗಳಕ್ಕೇ ನಿಂತಳು. ಆ ಒಂದು ಜಗಳದಲ್ಲಿ ಮಾತ್ರ ಆಕೆ ಸೋತಳು. ಸಂಜೆಗೆ ಐವತ್ತೆಂಟು ಹೆಸರಾದವು.

ಶುಕ್ರವಾರ ಹೊಸ ಪೀಕಲಾಟ. ಇವರೆಲ್ಲ ಕೂರುವುದು ಎಲ್ಲಿ? ಹಿಂದಿನ ವಾರ ಜನರಿಲ್ಲ ಎಂದು ಅಳುತ್ತಿದ್ದ ಪ್ರಿನ್ಸಿಪಾಲರು ಈಗ ಜಾಗವಿಲ್ಲ ಎಂದು ಅಳತೊಡಗಿದರು. ಟಾಕೀಸಿನಿಂದ ಬೆಂಚು ತಂದರು. ಎಳೆಕೂಸಿನ ತಾಯಂದಿರಿಗಾಗಿ ಪಡಸಾಲೆಯ ತೊಲೆಗೆ ಎರಡು ತೊಟ್ಟಿಲು ಕಟ್ಟಿದರು, ತೂಗಲಿಕ್ಕೆ ಅತ್ತೆಯರು ಪಾಳಿ ಹಚ್ಚಿಕೊಂಡರು. ಬಿ.ಎ. ತರಗತಿಯ ಹೊರಗೆ ತೊಟ್ಟಿಲು ತೂಗಿದ ಕಾಲೇಜನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಅದೇ ದಿನ ಯೂನಿವರ್ಸಿಟಿಯಿಂದ ಇಬ್ಬರು ಪರಿಶೀಲನೆಗೆ ಬಂದರು. ಬಂದವರು ಬೀಗರಲ್ಲವೆ? ದೊಡ್ಡವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಶೇಂಗಾ ಹೋಳಿಗೆ ಬಡಿಸಿ, ಊಟ ಮುಗಿಯುವವರೆಗೆ ರಿಜಿಸ್ಟರ್ ಮುಟ್ಟಗೊಡಲಿಲ್ಲ. ಆಮೇಲೆ ಅವರು ಹೆಸರು ಎಣಿಸಿದರು, ತಲೆ ಎಣಿಸಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಒಂದೇ ತರಗತಿ ಸಾಲದು, ಎರಡು ತುಕಡಿ ಮಾಡಿ. ಇನ್ನಿಬ್ಬರು ಅಧ್ಯಾಪಕರಿಗೆ ಬರೆಯುತ್ತೇವೆ" ಎಂದರು. ದೊಡ್ಡವ್ವ ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ, "ಬೀಗರು ಒಪ್ಪಿದ್ರೂ!" ಎಂದು ಕೂಗಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿದ್ದ ಕೈ ನಡುವೆಯೇ ನಿಂತಿತು. ಆ ಐವತ್ತೆಂಟರಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪ ಇನ್ನೂ ಹೂಂ ಅಂದಿರಲಿಲ್ಲ.

ಶನಿವಾರ ಬೆಳಿಗ್ಗೆ ದೊಡ್ಡವ್ವ ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತು ಮಾತು ತೆಗೆದಳು. ಅಪ್ಪ ತಲೆ ಎತ್ತದೆ ಬೆಲ್ಲ ಕಟ್ಟುತ್ತ ಹೇಳಿದ:

"ಐವತ್ತೆಂಟು ಆಗ್ಯಾವಲ್ಲಕ್ಕಾ. ನಮ್ಮ ಹುಡುಗಿ ಇಲ್ಲದನೂ ಕಾಲೇಜು ನಡೀತೈತಿ. ನಾಳೆ ಹೊರ್ತಿಯವರು ಬರಾಕತ್ತಾರ." ಆಮೇಲೆ ವಾತಾವರಣ ತಿಳಿಯಾಗಲೆಂದೋ ಏನೋ ನಕ್ಕು, "ಅಲ್ಲದ ನಮ್ಮ ಮನಿಗೆ ಯಾರು ಕರ್ಯಾಕ ಬಂದಿದ್ರು? ಕರೀದನ ನಾ ಎಲ್ಲಿಗೂ ಹೋಗಂವಲ್ಲ" ಎಂದ.

ಊರನ್ನೆಲ್ಲ ಮಾತಿನಲ್ಲಿ ಗೆದ್ದವಳು ತಿರುಗಿ ಒಳಗೆ ಹೋದಳು. ಹೋಯಿತು, ನನ್ನ ಬಿ.ಎ. ಮುಗಿಯಿತು ಎಂದುಕೊಂಡು ನಾನು ಅವ್ವನ ಪಕ್ಕ ಕೂತು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ದೊಡ್ಡವ್ವ! ಹಿತ್ತಲಿನಿಂದ ಹೊರಬಿದ್ದು, ಓಣಿ ಸುತ್ತಿ, ಪರರಂತೆ ಮೆಟ್ಟಿಲ ಕೆಳಗೆ ನಿಂತಿದ್ದಳು. ತಲೆಯ ಮೇಲೆ ಸೆರಗು. ಎರಡೂ ಕೈ ಜೋಡಿಸಿದ್ದಳು.

"ಸಾವಕಾರ್ರ, ನಮ್ಮಲ್ಲಿ ಒಂದು ಶುಭಕಾರ್ಯ ಐತ್ರಿ. ಮಗಳನ್ನ ಕರಕೊಂಡು ತಾವು ಬರಬೇಕ್ರಿ."

ಅಪ್ಪ ಗಡಬಡಿಸಿ ಎದ್ದ. "ಅಕ್ಕಾ, ಇದೇನಿದು? ಒಳಗ ಬಾ. ಇದು ನಿನ್ನ ಮನಿ."

"ನನ್ನ ಮನಿ ಆಗಿದ್ರ ಕೈ ಮುಗೀತಿದ್ದಿಲ್ರಿ, ಸಹಿ ಮಾಡು ಅಂತಿದ್ದೆ. ಹನ್ನೊಂದು ವರ್ಷ ನಿಮ್ಮ ಅನ್ನ ಉಂಡೇನಿ. ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ಸೈತ ಒಂದಿನ ಅಂದಿಲ್ಲ. ಇವತ್ತೊಂದು ಬೇಡ್ತೇನಿ. ಈ ಪೋರಿನ್ನ ಕಳಸ್ರಿ."

ಅಪ್ಪ ಮೂಗು ಒರೆಸಿಕೊಂಡ. ಆಮೇಲೆ ಟೊಪ್ಪಿಗೆ ಇಟ್ಟುಕೊಂಡು, ಅಂಗಡಿಯ ಬಾಗಿಲು ಎಳೆದು, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ. "ನಡಿ" ಎಂದ, ನನಗೋ ಆಕೆಗೋ ತಿಳಿಯಲಿಲ್ಲ. ಇಬ್ಬರೂ ನಡೆದೆವು.

ಕಾಲೇಜಿನಲ್ಲಿ ನನ್ನ ಅರ್ಜಿಯನ್ನು ನಾನೇ ತುಂಬಿದೆ. ಪಾಲಕರ ಸಹಿಯ ಜಾಗ ಬಂದಾಗ ಕ್ಲಾರ್ಕು ಪೆನ್ನನ್ನು ಅಪ್ಪನ ಕಡೆ ಚಾಚಿದ. ಅಪ್ಪ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಮಸಿಯ ಡಬ್ಬಿಯನ್ನು ದೊಡ್ಡವ್ವನ ಮುಂದೆ ಸರಿಸಿದ.

"ಇವರು ಹುಡುಗಿಗೆ ಏನಾಗ್ಬೇಕ್ರಿ?" ಎಂದು ಕ್ಲಾರ್ಕು ಕೇಳಿದ.

"ನಮ್ಮ ಮನಿ ಯಜಮಾನಿ" ಎಂದ ಅಪ್ಪ. "ಹಂಗs ಬರಿ ಮಗಳ."

ನಾನು ಬರೆದೆ. ದೊಡ್ಡವ್ವ ಒಂದು ಕೈಯಿಂದ ನನ್ನ ಹೆಗಲು ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆಟ್ಟನ್ನು ಹಾಳೆಯ ಮೇಲೆ ಒತ್ತಿದಳು. ಒತ್ತಿದವಳು ಎತ್ತಲೇ ಇಲ್ಲ. ಕ್ಲಾರ್ಕು, "ಸಾಕ್ರೆವ್ವಾ, ಮೂಡೇತಿ" ಎಂದು ಎರಡು ಸಲ ಹೇಳಬೇಕಾಯಿತು.