ಚಿಕಾಗೋ, ಹ್ಯೂಸ್ಟನ್ ಮತ್ತು ಒಂದು ಹೋಳಿಗೆ ಊಟ

ಎರಡರಲ್ಲಿ ಒಂದನ್ನು ಆರಿಸು ಎಂದು ನನಗೆ ಯಾರೂ ಹೇಳಬಾರದು. ಒಂದೇ ಇದ್ದರೆ ನಾನು ತೃಪ್ತ ಮನುಷ್ಯ. ನಾಲ್ಕಿದ್ದರೂ ಕಣ್ಣು ಮುಚ್ಚಿ ಯಾವುದಾದರೊಂದಕ್ಕೆ ಕೈ ಹಾಕಿಯೇನು. ಎರಡು ಎಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಬಿಳಿಯದೊಂದು, ತಿಳಿನೀಲಿಯದೊಂದು ಅಂಗಿ ಬಟ್ಟೆ ಹರವಿಸಿ, ಅರ್ಧ ದಿನ ಕುಳಿತು, ಅಂಗಡಿಯವರದೇ ಚಹಾ ಕುಡಿದು, ಕೊನೆಗೆ ಒಂದು ಟವೆಲ್ಲು ಕೊಂಡು ಮನೆಗೆ ಬಂದವನು ನಾನು. ಮದುವೆಯ ಮಟ್ಟಿಗೆ ನನ್ನ ಪುಣ್ಯ ದೊಡ್ಡದು, ಹಿರಿಯರು ಒಂದೇ ಕನ್ಯೆ ತೋರಿಸಿದರು. ಇಬ್ಬರನ್ನು ತೋರಿಸಿದ್ದರೆ ನಾನು ಇವತ್ತಿಗೂ ಮನೆ ಮನೆಯ ಅವಲಕ್ಕಿ ತಿನ್ನುತ್ತಾ ಕನ್ಯೆ ನೋಡುತ್ತಲೇ ಇರುತ್ತಿದ್ದೆ ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ. ಹಾಗಾಗಿದ್ದರೆ ತಾನಾದರೂ ಪಾರಾಗುತ್ತಿದ್ದೆ ಎಂಬ ಸಣ್ಣ ನಿಟ್ಟುಸಿರು ಆ ಮಾತಿನ ಹಿಂದೆ ಇದೆಯೆಂದು ನನಗೆ ಗುಮಾನಿ.

ಇಂಥವನ ಮುಂದೆ ದೇವರು ಹೋದ ವರ್ಷ ಅಮೇರಿಕೆಯ ಎರಡು ಮಹಾನಗರಗಳನ್ನು ತಂದು ಇಟ್ಟ. ನಾನು ವಿಜಾಪುರದಲ್ಲಿ ಸರಕಾರಿ ಇಂಜಿನಿಯರ. ಇಂಜಿನಿಯರ ಎಂದ ಕೂಡಲೇ ಆಣೆಕಟ್ಟು, ಸೇತುವೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ತಿಕೋಟಾ ರಸ್ತೆಯ ತಗ್ಗು ಮುಚ್ಚಿಸಿ ಬಬಲೇಶ್ವರದ ರಸ್ತೆಗೆ ಹೋಗುವುದು, ಬಬಲೇಶ್ವರದ್ದು ಮುಚ್ಚಿಸುವಷ್ಟರಲ್ಲಿ ತಿಕೋಟಾದ್ದು ಬಾಯಿ ತೆರೆಯುವುದು, ಮತ್ತೆ ಅಲ್ಲಿಗೆ ಓಡುವುದು, ಇದೇ ನನ್ನ ಉದ್ಯೋಗ. ಈಗ ಅಮೇರಿಕೆಯವರು ಡಾಕ್ಟರರನ್ನೂ ಇಂಜಿನಿಯರರನ್ನೂ ಕರೆಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಕೇಳಿ, ನಾನೂ ಅರ್ಜಿ ಹಾಕಿ, ಮುಂಬಯಿಗೆ ಹೋಗಿ ಬಂದು, ಕಾಗದಪತ್ರಗಳನ್ನೆಲ್ಲ ಮುಗಿಸಿಬಿಟ್ಟಿದ್ದೆ. ಉಳಿದದ್ದು ಒಂದೇ ಮಾತು: ಯಾವ ಊರಿಗೆ? ಕೆಲಸ ಹುಡುಕಿಕೊಳ್ಳುವ ತನಕ ಅವ್ವ, ಹೆಂಡತಿ, ಇಬ್ಬರು ಮಕ್ಕಳ ಸಮೇತ ಎರಡು ಮೂರು ತಿಂಗಳು ಯಾರದಾದರೂ ಮನೆಯಲ್ಲಿ ಇರಬೇಕು. ಅಂಥ ಮನೆಗಳು ನನಗೆ ಎರಡಿದ್ದವು. ಹ್ಯೂಸ್ಟನ್ನಿನಲ್ಲಿ ನನ್ನ ಖಾಸಾ ಅಣ್ಣ ಈರಣ್ಣ, ಚಿಕಾಗೋದಲ್ಲಿ ಶಾಂತಾಳ ಖಾಸಾ ಅಣ್ಣ ಮಲ್ಲಣ್ಣ. ಇಬ್ಬರೂ ಡಾಕ್ಟರರು. ಇಬ್ಬರೂ ವರ್ಷಕ್ಕೆ ಎರಡು ಸಲ ನೀಲಿ ಅಂತರ್ದೇಶೀಯ ಪತ್ರದಂಥ ಹಗುರ ಹಾಳೆಯಲ್ಲಿ ಪತ್ರ ಬರೆದು, ಕೊನೆಯಲ್ಲಿ 'ಒಮ್ಮೆ ಎಲ್ಲರೂ ಕೂಡಿ ಇತ್ತ ಕಡೆ ಬರ್ರಿ' ಎಂದು ತಪ್ಪದೆ ಬರೆಯುತ್ತಿದ್ದರು.

ನಮ್ಮ ಕಡೆ 'ಬರ್ರಿ' ಎನ್ನುವುದು ಎಷ್ಟು ಸಸ್ತಾ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾವು ಬಸ್ಸಿನಲ್ಲಿ ಪಕ್ಕ ಕುಳಿತವನಿಗೂ ಇಳಿಯುವಾಗ 'ಬರ್ರಿ, ಮನೀಗೆ ಹೋಗೂಣು' ಎನ್ನುವ ಜನ. ಅವನು ನಿಜವಾಗಿ ಹಿಂದೆ ಬಂದರೆ ಗಾಬರಿಯಾಗುತ್ತೇವೆ, ಅದು ಬೇರೆ ಮಾತು. ಆದರೆ ಅದೇ ಮಾತು ಅಮೇರಿಕೆಯ ಅಂಚೆಚೀಟಿ ಹಚ್ಚಿಕೊಂಡು ಬಂದರೆ ಅದಕ್ಕೆ ಬೇರೆಯೇ ತೂಕ ಎಂದು ನಾನು ತಿಳಿದಿದ್ದೆ.

ಸರಿ, ಮನೆಯಲ್ಲಿ ಎರಡು ಪಕ್ಷಗಳಾದವು. ನಮ್ಮ ಅವ್ವ ತಿಕೋಟಾದವಳು, ಹ್ಯೂಸ್ಟನ್ ಪಕ್ಷ. ಶಾಂತಾ ಕಾಖಂಡಕಿಯವಳು, ಚಿಕಾಗೋ ಪಕ್ಷ. ಇಬ್ಬರಲ್ಲಿ ಒಬ್ಬರೂ ತಮ್ಮ ಮಗ, ತಮ್ಮ ಅಣ್ಣ ಎಂಬ ಶಬ್ದ ಬಾಯಿಂದ ಹೊರಗೆ ಬಿಡಲಿಲ್ಲ. ಅಷ್ಟು ಸೂಕ್ಷ್ಮ ಇಬ್ಬರಿಗೂ ಇತ್ತು. ಮಾತೆಲ್ಲ ಬಿಸಿಲು, ನೀರು, ಹವೆಗಳ ಮೇಲೆಯೇ.

"ಹ್ಯೂಸ್ಟನ್‌ದಾಗ ನಮ್ಮ ಗತೀನ ಬಿಸಲಂತ ತಮ್ಮಾ," ಎಂದಳು ಅವ್ವ. "ಸಂಡಿಗಿ ಹಾಕಿದ್ರ ಸಂಜೀ ಅನ್ನೂದ್ರಾಗ ಖಡಕ್ ಆಗತಾವು. ಮತ್ತ ಚಂದ್ರನ ಮ್ಯಾಲೆ ಹೋದವ್ರ ಜೋಡಿ ಅಲ್ಲಿಂದನ ಮಾತಾಡ್ತಾರಂತ. ಅಂಥಾ ಊರು!"

"ಬಿಸಲು ಕಂಡಿಲ್ಲೇನ್ರೀ ಅತ್ತಿ ನಾವು?" ಎಂದಳು ಶಾಂತಾ. "ಬಿಸಲಿಗೆ ಅಂತ ಅಷ್ಟು ದೂರ ಯಾಕ ಹೋಗಬೇಕು, ಇಲ್ಲೇ ಮಾಳಿಗಿ ಹತ್ತಿದ್ರ ಆತು. ಚಿಕಾಗೋದಾಗ ಸಮುದ್ರದಂಥಾ ಕೆರಿ ಐತಂತ. ಎಲ್ಲಾ ಸಿಹಿನೀರು! ಸವಳ ನೀರು ಕುಡದು ಕುಡದು ನನ್ನ ಹಲ್ಲಿನ ಬಣ್ಣ ನೋಡ್ರಿ."

"ಕೆರಿ ಚಳಿಗಾಲದಾಗ ಕಲ್ಲಾಗತೈತಂತಲ್ಲ ಬೇ. ಕೊಡ ತಗೊಂಡು ಹೋದ್ರ ಕೊಡಲಿ ತಗೊಂಡು ಕಡೀತಿಯೇನು?"

ಹೀಗೆ ದಿನವೂ ನಡೆಯಿತು. ನಾನು ಅವ್ವನ ಮುಂದೆ ಸಂಡಿಗೆಯನ್ನು ಒಪ್ಪಿಕೊಂಡೆ, ಶಾಂತಾಳ ಮುಂದೆ ಸಿಹಿನೀರನ್ನು ಒಪ್ಪಿಕೊಂಡೆ, ಇಬ್ಬರೂ ಒಟ್ಟಿಗೆ ಇದ್ದಾಗ ಆಫೀಸಿನಲ್ಲಿ ಕೆಲಸವಿದೆಯೆಂದು ಎದ್ದು ಹೋದೆ. ಅಲ್ಲಿಯಾದರೂ ನೆಮ್ಮದಿ ಉಂಟೇ? ಡ್ರಾಯಿಂಗ್ ಮಾಡುವವರು ಚಿಕಾಗೋ ಎಂದರು, ಅಲ್ಲಿ ನೂರು ಅಂತಸ್ತಿನ ಕಟ್ಟಡ ಎದ್ದಿದೆಯಂತೆ. ಹಣಕಾಸು ನೋಡುವವರು ಹ್ಯೂಸ್ಟನ್ ಎಂದರು, ಅಲ್ಲಿ ನೆಲ ಅಗೆದರೆ ಎಣ್ಣೆಯಂತೆ. ಒಂದು ದಿನ ಗ್ರಂಥಾಲಯದ ಭೂಪಟದ ಮೇಲೆ ದಾರವಿಟ್ಟು ಎರಡೂ ಊರುಗಳ ನಟ್ಟನಡುವೆ ಏನಿದೆಯೆಂದು ಅಳೆದೆ. ಅಲ್ಲಿ ಯಾವ ಊರಿನ ಹೆಸರೂ ಇರಲಿಲ್ಲ. ಅಲ್ಲಿಯೇ ಇರೋಣವೇ ಎಂದು ಮನೆಯಲ್ಲಿ ಕೇಳಿದಾಗ ಮಾತ್ರ ಅತ್ತೆ ಸೊಸೆ ಒಂದಾಗಿ ನನ್ನನ್ನು ಬೈದರು.

ನಗೆಯ ಮಾತು ಹಾಗಿರಲಿ. ಅವ್ವನಿಗೆ ಹಿರಿಯ ಮಗನ ಜೊತೆ ನಾಲ್ಕು ದಿನ ಇರುವ ಆಸೆ ಗಂಟಲ ತನಕ ಬಂದು ನಿಂತಿತ್ತು. ಶಾಂತಾಳನ್ನು ಎತ್ತಿ ಆಡಿಸಿದವನು, ಸೈಕಲ್ಲಿನ ಮೇಲೆ ಸಾಲೆಗೆ ಬಿಟ್ಟವನು ಮಲ್ಲಣ್ಣ. ಯಾವ ಊರಿನ ಹೆಸರು ಹೇಳಿದರೂ ನಾನು ಒಬ್ಬರ ಕಣ್ಣಲ್ಲಿ ನೀರು ತರಿಸುವವನೇ. ಎರಡು ಊರುಗಳನ್ನು ನಾನು ಜೀವಮಾನವಿಡೀ ತೂಗಬಲ್ಲೆ, ಈ ಇಬ್ಬರನ್ನು ತೂಗುವ ಧೈರ್ಯ ನನಗಿರಲಿಲ್ಲ.

ಈ ನಡುವೆ ಬಬಲೇಶ್ವರದಿಂದ ನಮ್ಮ ಚಿಕ್ಕವ್ವನ ಮಗ ಸಂಗಪ್ಪ ಬಂದು ಹೋಗುತ್ತಿದ್ದ. ಬರುವಾಗ ಬದನೆಕಾಯಿ, ಮೆಂತ್ಯದ ಸೊಪ್ಪು, ಹಸಿ ಕಡಲೆಯ ಸಿವುಡು ಏನಾದರೊಂದು ಅವನ ಹೆಗಲ ಮೇಲೆ ಇದ್ದೇ ಇರುತ್ತಿತ್ತು. ಮಕ್ಕಳ ಸಾಲೆಗಾಗಿ ಊರು ಬದಲಿಸುವ ವಿಚಾರ ಅವನದು. "ಅಣ್ಣಾ, ನೀವು ಯಾ ಊರಿಗೆರೆ ಹೋಗ್ರಿ, ಹೋಗೂಮುಂದ ಈ ಮನಿ ಮಾತ್ರ ನನಗ ಕೊಡಿಸಿ ಹೋಗ್ರಿ," ಎನ್ನುತ್ತಿದ್ದ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎರಡೂವರೆ ಖೋಲಿಯ ನಮ್ಮ ಬಾಡಿಗೆ ಮನೆಯ ಮೇಲೆ ಅವನಿಗೆ ಅಷ್ಟು ಮೋಹ. ನಾನು ದೊಡ್ಡ ಮನಸ್ಸು ಮಾಡಿ "ಆತಪ್ಪಾ, ನಿನ್ನದ ತಿಳಕೋ," ಎಂದಿದ್ದೆ. ಬಿಟ್ಟು ಹೋಗುವ ಮನೆಯನ್ನು ಕೊಡುವಾಗ ನನ್ನಷ್ಟು ಉದಾರಿ ಇಡೀ ಜಿಲ್ಲೆಯಲ್ಲಿ ಸಿಗಲಾರ.

ಚಳಿಗಾಲದಲ್ಲಿ ಈರಣ್ಣ, ಮಲ್ಲಣ್ಣ ಇಬ್ಬರೂ ರಜೆಗೆಂದು ಊರಿಗೆ ಬಂದರು. ಈರಣ್ಣ ಇಳಿದುಕೊಂಡದ್ದು ಹೆಂಡತಿಯ ತವರಿನಲ್ಲಿ, ಮಲ್ಲಣ್ಣ ಕಾಖಂಡಕಿಯಲ್ಲಿ. ನನಗೆ ಹೋದ ಜೀವ ಬಂದಂತಾಯಿತು. ಇಬ್ಬರನ್ನೂ ಒಂದೇ ದಿನ ಊಟಕ್ಕೆ ಕರೆದರೆ ಅವರವರೇ ಬಗೆಹರಿಸಿಕೊಳ್ಳಲಿ, ನಾನೇಕೆ ತಲೆ ಕೆಡಿಸಿಕೊಳ್ಳಬೇಕು? ಅಣ್ಣ ನನ್ನನ್ನು ಹ್ಯೂಸ್ಟನ್ನಿಗೆ ಎಳೆಯುತ್ತಾನೆ, ಮಲ್ಲಣ್ಣ ತಂಗಿಯನ್ನು ಚಿಕಾಗೋಗೆ ಎಳೆಯುತ್ತಾನೆ, ಯಾರು ಹೆಚ್ಚು ಎಳೆಯುತ್ತಾರೋ ಅಲ್ಲಿಗೆ ಹೋಗಿಬಿಡುವುದು. ಸೋತವರಿಗೆ ಸಮಾಧಾನ ಹೇಳಲು ಒಂದು ಸಣ್ಣ ಭಾಷಣವನ್ನೂ ಹಿಂದಿನ ದಿನ ಸ್ನಾನ ಮಾಡುವಾಗ ತಯಾರು ಮಾಡಿಕೊಂಡೆ. 'ಬೇಸರ ಮಾಡಿಕೊಳ್ಳಬ್ಯಾಡ್ರಿ, ಮುಂದಿನ ವರ್ಷ ನಿಮ್ಮ ಕಡೆ ಬಂದು ಇರತೇವಿ' ಎಂದು ಅದರ ಸಾರಾಂಶ.

ಆ ದಿನ ಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಸಂಗಪ್ಪ ತಂದ ಬದನೆಕಾಯಿಯೇ. ಪಡಸಾಲೆಯಲ್ಲಿ ಇಬ್ಬರು ಬೀಗರನ್ನೂ ಅಕ್ಕಪಕ್ಕ ಕೂಡ್ರಿಸಿ, ಎದುರಿಗೆ ನಾನೂ ಕುಳಿತೆ. ಅವ್ವ ಹೋಳಿಗೆ ಬಡಿಸಲು ನಿಂತಳು, ಶಾಂತಾ ತುಪ್ಪದ ತಂಬಿಗೆ ಹಿಡಿದಳು. ನಾನು ಗಂಟಲು ಸರಿ ಮಾಡಿಕೊಂಡು ವಿಷಯ ಎತ್ತಿದೆ: "ಕಾಗದಪತ್ರ ಎಲ್ಲಾ ಮುಗದಾವು. ಯಾ ಊರಿಗೆ ಬರೂದು ಅಂತ ನೀವಿಬ್ಬರೂ ಹೇಳ್ರಿ."

ಈರಣ್ಣ ಹೋಳಿಗೆ ಮುರಿಯುತ್ತಾ, "ನನ್ನ ಕೇಳಿದ್ರ ಚಿಕಾಗೋನ ಚೊಲೊ," ಎಂದ. "ದೊಡ್ಡ ಊರು. ಇಂಜಿನಿಯರ ಮಂದಿಗೆ ಅಲ್ಲೆ ಬೇಕಾದಷ್ಟು ಕೆಲಸ. ನಮ್ಮ ಹ್ಯೂಸ್ಟನ್‌ದಾಗ ಏನೈತಿ? ಸೆಕಿ, ಸೊಳ್ಳಿ."

ಅವ್ವನ ಕೈಯಲ್ಲಿದ್ದ ಹೋಳಿಗೆ ಅಲ್ಲಿಯೇ ನಿಂತಿತು.

"ಛೇ ಛೇ, ಏನಂತೀರಿ ಬೀಗರ!" ಎಂದ ಮಲ್ಲಣ್ಣ. "ಚಿಕಾಗೋದ ಹವಾ ಇವರಿಗೆ ಎಲ್ಲಿ ಒಗ್ಗತೈತ್ರಿ? ಮೊಣಕಾಲ ಮಟ ಬರ್ಫ. ಅವ್ವಾವ್ರಿಗೆ ಮೊದಲ ಕೀಲು ನೋವು. ಹ್ಯೂಸ್ಟನ್ ಅಂದ್ರ ವಿಜಾಪುರ ಇದ್ದಂಗ. ನನ್ನ ತಂಗಿಗೆ ಚಳಿ ಆಗೂದಿಲ್ರಿ, ಸಣ್ಣಾಕಿದ್ದಾಗಿಂದ."

"ಚಳಿಗೆ ಕೋಟು ಸಿಗತಾವ್ರಿ ಬೀಗರ. ಸೆಕಿಗೆ ಏನು ಹಾಕ್ಕೊಳ್ಳೂದು? ನಿಮ್ಮಲ್ಲೆ ಮನೀನೂ ದೊಡ್ಡದೈತಿ."

"ಎಲ್ಲಿ ದೊಡ್ಡದ್ರಿ! ನಿಮ್ಮ ಮನೀ ಮುಂದ ನಮ್ಮದೊಂದು ಮನಿ ಏನು? ನಿಮ್ಮಲ್ಲೆ ಹಿತ್ತಲನೂ ಐತಿ, ಹುಡುಗರು ಆಡತಾವು."

ನಮ್ಮ ಕಡೆಯ ಊಟದ ಪಂಕ್ತಿಯನ್ನು ನೀವು ಕಂಡಿರಬೇಕು. ಹೊಟ್ಟೆ ತುಂಬಿದ ಮೇಲೂ ಬಡಿಸುವವರು ಬಿಡುವುದಿಲ್ಲ. ಉಣ್ಣುವವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, 'ನನಗ ಬ್ಯಾಡ್ರಿ, ಅವರಿಗೆ ಹಾಕ್ರಿ' ಎಂದು ಪಕ್ಕದವನತ್ತ ದೂಡುತ್ತಾನೆ. ಪಕ್ಕದವನು 'ನನಗ ಆಗಲೇ ಆತ್ರಿ, ಅವರಿಗ' ಎಂದು ತಿರುಗಿ ಈ ಕಡೆ ದೂಡುತ್ತಾನೆ. ನಾನು, ನನ್ನ ಹೆಂಡತಿ, ನನ್ನ ಇಬ್ಬರು ಮಕ್ಕಳು, ನನ್ನ ತಾಯಿ, ನಾವೆಲ್ಲ ಕೂಡಿ ಆ ದಿನ ಯಾರಿಗೂ ಬೇಡವಾದ ಆ ಒಂದು ಹೋಳಿಗೆಯಾಗಿದ್ದೆವು. ನನ್ನ ಭಾಷಣ ನಾಲಿಗೆಯ ಮೇಲೇ ಒಣಗಿತು. ಸುಳ್ಳೇಕೆ ಹೇಳಲಿ, ಬಹಳ ಕೆಡುಕೆನಿಸಿತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಸಾರು ಖಾರ ಆಗಿದೆಯೆಂದೆ. ಸಾರು ಖಾರವಾಗಿರಲಿಲ್ಲ.

ಇಬ್ಬರೂ ಉಂಡು, ಎಲೆ ಅಡಿಕೆ ಹಾಕಿಕೊಂಡು, "ಮತ್ತ ಬರ್ರಿ ಹಂಗಾರ ಒಮ್ಮೆ ಎಲ್ಲಾರೂ," ಎಂದು ಹೇಳಿಯೇ ಹೋದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನು ಇಬ್ಬರ ರಾಮಾಯಣ ಶುರುವಾಗುತ್ತದೆಂದು ಕಾದೆ. ಅತ್ತೆ ಸೊಸೆ ಎದುರುಬದುರಾಗಿ ಊಟಕ್ಕೆ ಕುಳಿತಿದ್ದರು. ಇಬ್ಬರೂ ಉಣ್ಣುತ್ತಿರಲಿಲ್ಲ. ಅವ್ವ ತನ್ನ ಎಲೆಯ ಹೋಳಿಗೆಯನ್ನು ಅರ್ಧ ಮಾಡಿ ಶಾಂತಾಳ ಎಲೆಗೆ ಹಾಕಿ, "ನಿಮ್ಮಣ್ಣ ಭಾಳ ಸೊರಗ್ಯಾನ ಬೇ. ಆ ಚಳಿಯಾಗ ದುಡದು ದುಡದು ಹಣ್ಣಾಗ್ಯಾನ. ಅವನ್ನ ಅನಬ್ಯಾಡ," ಎಂದಳು.

"ಭಾವಾರೂ ಏನ್ ಸುಖದಾಗ ಅದಾರ್ರಿ ಅತ್ತಿ?" ಎಂದಳು ಶಾಂತಾ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಇಡೀ ದಿನ ದವಾಖಾನಿ. ಮಂದಿ ಬಂದ್ರ ಅವರಿಗೆ ಹೊರಿ ಆಗತೈತಿ. ನೀವು ಉಣ್ರಿ."

ತಿಂಗಳುಗಟ್ಟಲೆ ತಂತಮ್ಮ ಕಡೆಯ ಊರನ್ನು ಹೊಗಳಿದವರು ಈಗ ಎದುರು ಕಡೆಯವರ ವಕೀಲಿಕೆಗೆ ನಿಂತಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಎರಡೂ ಊರುಗಳ ಸುದ್ದಿ ಬಂದಿಲ್ಲ. ಅಮೇರಿಕೆಗೆಂದು ಆಫೀಸಿನಲ್ಲಿ ಕೊಟ್ಟಿದ್ದ ರಜೆಯ ಅರ್ಜಿಯನ್ನು ನಾನು ಹಿಂದಕ್ಕೆ ತೆಗೆದುಕೊಂಡು ತಿಕೋಟಾ ರಸ್ತೆಗೆ ಹೋದೆ. ತಗ್ಗುಗಳು ನನ್ನನ್ನು ಮರೆತಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಜೀವನಪೂರ್ತಿ ಆ ಇಬ್ಬರು ಅಣ್ಣಂದಿರನ್ನು ಬೈದುಕೊಂಡು ಸುಖವಾಗಿ ಇರಬಹುದಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ, ಸಾಲೆ ಶುರುವಾಗುವ ಮುಂಚೆ, ಸಂಗಪ್ಪ ಬಂದ. ಹೆಗಲ ಮೇಲೆ ಉಳ್ಳಾಗಡ್ಡಿಯ ಚೀಲ.

"ಅಣ್ಣಾ, ನೀವಂತೂ ಹೋಗಲಿಲ್ಲ. ಇರಲಿ, ಚೊಲೊ ಆತು," ಎಂದು ಕುಳಿತ. "ನನಗೊಂದು ಬುದ್ಧಿ ಹೇಳ್ರಿ. ಹುಡುಗರ ಸಾಲಿಗೆ ಇಲ್ಲಿಗೆ ಬರಲೋ, ಬಾಗಲಕೋಟಿಗೆ ಹೋಗಲೋ? ಅಲ್ಲೆ ನನ್ನ ಹೇಣ್ತಿ ಕಾಕಾ ಅದಾನ. ಇಲ್ಲೆ ನೀವು ಅದೀರಿ. ಮನಿ ಸಿಗೂತನಾ ಒಂದೆರಡು ತಿಂಗಳ ನಿಮ್ಮಲ್ಲೇ ಇದ್ದು..."

ನನ್ನ ಕಣ್ಣು ತಾನಾಗಿಯೇ ಎರಡೂವರೆ ಖೋಲಿಯನ್ನು ಸುತ್ತಿ ಬಂತು. ಸಂಗಪ್ಪ, ಅವನ ಹೆಂಡತಿ, ಮೂವರು ಮಕ್ಕಳು. ಅಂಗಳದ ಒಂದೇ ನಳ. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ನನ್ನ ಕೇಳಿದ್ರ ಬಾಗಲಕೋಟೀನ ಚೊಲೊ ನೋಡು ಸಂಗಪ್ಪಾ. ಹೊಳೀ ನೀರು. ಸಾಲೀನೂ ಭಾರಿ. ನಮ್ಮ ವಿಜಾಪುರದಾಗ ಏನೈತಿ? ಸವಳ ನೀರು, ಬಿಸಲು. ನಿಮ್ಮ ಕಾಕಾನ ಮನೀನೂ ದೊಡ್ಡದೈತಿ..."

ಒಳಗೆ ಒಗ್ಗರಣೆಯ ಸದ್ದು ನಿಂತಿತು. ಆಮೇಲೆ ಅವ್ವನ ದನಿ ಕೇಳಿತು: "ಶಾಂತಾ, ನಿನ್ನ ಗಂಡ ಟಿಕೀಟ ಇಲ್ಲದ ಹ್ಯೂಸ್ಟನ್ ಮುಟ್ಟಿದ ನೋಡ ಬೇ."

"ಹ್ಯೂಸ್ಟನ್ ಅಲ್ರೀ ಅತ್ತಿ, ಚಿಕಾಗೋ," ಎಂದಳು ಶಾಂತಾ. ಹೊರಗೆ ಬಂದು, ನನ್ನ ಕಡೆ ನೋಡದೆ, ಉಳ್ಳಾಗಡ್ಡಿಯ ಚೀಲ ಎತ್ತಿಕೊಂಡು, "ಸಂಗಪ್ಪಾ, ಸೋಮವಾರ ಎಲ್ಲಾರನೂ ಕರಕೊಂಡು ಬಂದುಬಿಡು. ಹಾಸಿಗಿ ತರಬ್ಯಾಡ, ಇಲ್ಲೇ ಅದಾವು," ಎಂದಳು.

ಸಂಗಪ್ಪ ಬಂದು ಹತ್ತು ದಿನಗಳಾದವು. ಬೆಳಿಗ್ಗೆ ಸ್ನಾನಕ್ಕೆ ನನ್ನ ಪಾಳಿ ಎಲ್ಲರದೂ ಆದ ಮೇಲೆ. ನನ್ನ ಕುರ್ಚಿಯ ಮೇಲೆ ಅವನ ಕಿರಿಯ ಮಗಳು ಮಗ್ಗಿ ಬಾಯಿಪಾಠ ಮಾಡುತ್ತಾಳೆ. ಅವ್ವ ಆ ಮಕ್ಕಳಿಗೆ, ಚಂದ್ರನ ಮೇಲೆ ಹೋದವರ ಜೊತೆ ತನ್ನ ಮಗನ ಊರಿನವರು ಹೇಗೆ ಮಾತಾಡಿದರೆಂದು ಕಥೆ ಹೇಳುತ್ತಾಳೆ. ಇದನ್ನು ನಾನು ಹೊರಗಿನ ಕಟ್ಟೆಯ ಮೇಲೆ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಒಳಗೆ ಕೂಡಲು ಜಾಗವಿಲ್ಲ. ಈಗಷ್ಟೇ ಸಂಗಪ್ಪ ಬಾಗಿಲಲ್ಲಿ ಇಣುಕಿ ನೋಡಿ, ಮಕ್ಕಳನ್ನು ಅತ್ತ ಸರಿಸಿ, ನನ್ನನ್ನು ಕರೆದ:

"ಅಣ್ಣಾ, ಹೊರಗ ಯಾಕ ಕುಂತೀರಿ? ಒಳಗ ಬರ್ರಿ. ಜಾಗ ಮಾಡೇನಿ."