ನಾನು ತಿನ್ನದ ಆರು ಉಂಡಿ

ಅಪ್ಪನಿಲ್ಲದ ಮನೆಗೆ ನಾನೇ ಯಜಮಾನ. ಮೇಲಾಗಿ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದವನು. ಹೀಗಾಗಿ ತಂಗಿ ಯಮುನೆಯನ್ನು ನೋಡಲು ವರನ ಕಡೆಯವರು ಬಂದ ದಿನ ಯಾವ ತಪ್ಪೂ ಆಗಲಾರದೆಂದು ನನಗೆ ಪೂರ್ಣ ಭರವಸೆಯಿತ್ತು.

ಅದು ಯುದ್ಧದ ಕಾಲ. ಪುಣೆಯಲ್ಲಿ ಸಕ್ಕರೆಗೂ ರೇಶನ್. ನಾನು ಪಾಳಿಯಲ್ಲಿ ನಿಂತು ತಂದ ಸಕ್ಕರೆಯನ್ನು ಉಳಿಸಿ ಉಳಿಸಿ ಅವ್ವ ರವೆ ಉಂಡಿ ಕಟ್ಟಿದ್ದಳು. ಎಷ್ಟೆಂದು ಎಣಿಸಿರಲಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬುದು ಅವಳ ನಂಬಿಕೆ. ನಾನು ಮನೆಯಲ್ಲಿದ್ದರೆ ಎಣಿಸದೆಯೂ ಕಡಿಮೆಯಾಗುತ್ತಿದ್ದವು.

ವರ ತಳೇಗಾಂವದಲ್ಲಿ ಗಣಿತದ ಮಾಸ್ತರ. ಹೆಂಡತಿ ಮದುವೆಯಾದ ಮೇಲೂ ಓದಬೇಕು, ತಮ್ಮಂತೆಯೇ ಮಕ್ಕಳಿಗೆ ಕಲಿಸಬೇಕು ಎನ್ನುವವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಯಮುನೆ ಇಂಥವರಿಗಾಗಿಯೇ ಕಾಯುತ್ತಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮುಂಜಾನೆಯಿಂದ ಮೂರು ಸಲ ಜಡೆ ಬಿಚ್ಚಿ ಹೆಣೆದಿದ್ದಳು.

ಮಾಸ್ತರು ಬಹಳ ನಾಚಿಕೆಯ ಮನುಷ್ಯ. ಹುಡುಗಿಯನ್ನು ನೇರವಾಗಿ ಏನೂ ಕೇಳದೆ, ಪಾಟಿಯ ಮೇಲೆ ಬಳಪದಿಂದ ಒಂದು ಲೆಕ್ಕ ಬರೆದು ನನ್ನ ಕೈಗಿತ್ತರು: ೨ + ೩ × ೪. ಅಡಿಗೆಮನೆಯಲ್ಲಿದ್ದ ಯಮುನೆ ನಿಂತ ನಿಲುವಿನಲ್ಲೇ ೧೪ ಎಂದು ಬರೆದುಕೊಟ್ಟಳು.

ಪಾಟಿ ಹಿಡಿದು ನಡುಮನೆಗೆ ಬಂದವನು ಗಕ್ಕನೆ ನಿಂತೆ. ಎರಡು, ಮೂರು, ಐದು. ಐದು ನಾಲ್ಕಲೆ ಇಪ್ಪತ್ತು. ಪಾಪ, ಹುಡುಗಿ ಗಾಬರಿಯಾಗಿದ್ದಾಳೆ! ಉಗುಳು ಹಚ್ಚಿ ಅವಳ ೧೪ನ್ನು ಒರೆಸಿ, ದುಂಡಗೆ ೨೦ ಎಂದು ಬರೆದೆ. ಅಣ್ಣನ ಕರ್ತವ್ಯವನ್ನು ಇಷ್ಟು ತ್ವರಿತವಾಗಿ ಯಾರೂ ನೆರವೇರಿಸಿರಲಿಕ್ಕಿಲ್ಲ.

ಪಾಟಿ ನೋಡಿ ಮಾಸ್ತರರ ಮುಖ ಸಣ್ಣದಾಯಿತು.

"ಇರ್ಲಿ ಬಿಡೋ, ಅಡಿಗಿ ಬರ್ತದಲ್ಲ, ಸಾಕು," ಎಂದರು ಅವರ ತಂದೆ.

"ಮಕ್ಕಳಿಗೆ ಕಲಿಸಾಕ ಲೆಕ್ಕ ಬೇಕಲ್ಲಪ್ಪಾ," ಎಂದು ಮಾಸ್ತರು ಹೊರಡಲು ಟೊಪ್ಪಿಗೆಗೆ ಕೈ ಹಾಕಿದರು.

ನಾನು ಬಿಡಲಿಲ್ಲ. "ಯಾಕ್ರಿ, ಇಪ್ಪತ್ತು ಸರಿ ಅದ ಅಲ್ರಿ?"

"ಮೊದಲ ಗುಣಸಬೇಕ್ರಿ. ಆಮ್ಯಾಲೆ ಕೂಡಸೂದು."

"ಗುಣಾಕಾರ ಹಿಂದ ನಿಂತದ್ರಿ! ಹಿಂದ ನಿಂತದ್ದು ಮುಂದ ಹ್ಯಾಂಗ ನುಗ್ತದ? ರೇಶನ್ ಪಾಳಿಯೊಳಗ ಹಂಗ ನುಗ್ಗಿದವರನ್ನ ರಟ್ಟೆ ಹಿಡದು ಹೊರಗ ಹಾಕ್ತೇವ್ರಿ."

ಅಷ್ಟರಲ್ಲಿ ಕರೆಯದೆಯೇ ಯಮುನೆ ಬಂದಳು. ಅವಳ ಕೈಯ ತಾಟಿನಲ್ಲಿ ಉಂಡಿ ತುಂಬಿದ ಮೂರು ಬಟ್ಟಲು, ಪಕ್ಕದಲ್ಲಿ ಎರಡು ಬಿಡಿ ಉಂಡಿ.

"ಬಿಡೀವು ಎರಡು. ಮೂರು ಬಟ್ಟಲದಾಗ ನಾಕ್ನಾಕು. ಎಣಸು ಅಣ್ಣಾ."

ಎಣಿಸಿದೆ. ಹದಿನಾಲ್ಕು. ಬಲದಿಂದ ಎಡಕ್ಕೆ ಎಣಿಸಿದೆ. ಹದಿನಾಲ್ಕೇ.

"ಇಪ್ಪತ್ತು ಆಗಬೇಕಂದ್ರ ಐದು ಬಟ್ಟಲ ಬೇಕು. ಬಿಡಿ ಉಂಡಿ ಬಟ್ಟಲ ಆಗ್ತಾವೇನು?" ಎಂದಳು. ಆಮೇಲೆ ಪಾಟಿ ನೋಡಿದಳು, ನನ್ನನ್ನು ನೋಡಿದಳು.

ಒಂದು ಕ್ಷಣ ನಾನು ಮತ್ತೆ ಉಂಡಿ ಎಣಿಸುವವನಂತೆ ತಲೆ ತಗ್ಗಿಸಿದೆ. ಅವಳ ಬಾಳು ಕೈತಪ್ಪುತ್ತಿದ್ದಾಗ ಮಾನ ಕಾಯ್ದುಕೊಳ್ಳಲು ನೋಡಿದ ಆ ಒಂದು ಕ್ಷಣ ಇಂದಿಗೂ ನನ್ನನ್ನು ಚುಚ್ಚುತ್ತದೆ. ಕೊನೆಗೆ ಬಾಯಿಬಿಟ್ಟೆ: "ಆಕಿ ಹದಿನಾಲ್ಕು ಬರದಿದ್ಲ್ರಿ. ಒರಸಿದಾಂವ ನಾನು."

ಮಾಸ್ತರು ಟೊಪ್ಪಿಗೆ ಕೆಳಗಿಟ್ಟು ಒಂದು ಉಂಡಿ ತೆಗೆದುಕೊಂಡರು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

ನನ್ನ ಸಂಕಟ ಮಾತ್ರ ಆಗ ಶುರುವಾಯಿತು. ಒಲೆಯ ಮುಂದಿದ್ದ ಅವ್ವನ ಕಿವಿಗೆ ಬಿದ್ದದ್ದು ಎರಡೇ ಮಾತು: ಇಪ್ಪತ್ತು, ಹದಿನಾಲ್ಕು.

"ಇಪ್ಪತ್ತು ಉಂಡಿ ಹದಿನಾಲ್ಕು ಹ್ಯಾಂಗಾದುವೋ? ಉಳಿದ ಆರು ಎಲ್ಲಿ?"

ಆಗಷ್ಟೇ ಕಲಿತ ಗಣಿತವನ್ನು ಅವಳಿಗೆ ಸವಿಸ್ತಾರವಾಗಿ ವಿವರಿಸಿದೆ.

"ಲೆಕ್ಕದ ನೆವ ಹೇಳಬ್ಯಾಡ. ಬಾಯಿ ತಗಿ."

ತೆಗೆದೆ. ಅತಿಥಿಗಳು ಬರುವ ಮುನ್ನ ತಿಂದಿದ್ದ ಒಂದೇ ಒಂದು ಉಂಡಿಯ ರವೆ ಇನ್ನೂ ಹಲ್ಲಿನಲ್ಲಿತ್ತು. ಆರಲ್ಲ, ಒಂದು ಎಂದು ಹೇಳಬಹುದಿತ್ತು. ಆದರೆ ನನ್ನ ಲೆಕ್ಕವನ್ನು ಇನ್ನು ಯಾರು ನಂಬುತ್ತಾರೆ?